ಕೊನೆ ಗೊತ್ತಿದ್ದೂ ಓದುವ ಕಾದಂಬರಿ

ಒಮ್ಮೆ ಓದಿ ಮುಗಿಸಿದ ಪ್ರೇಮ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡರೆ ಮನೆಯವರು ಕೇಳುವ ಮಾತು ಒಂದೇ: ‘ಓದಿದ್ದನ್ನ ಎಷ್ಟ ಸಲ ಓದ್ತಿಯವಾ?’ ಕೇಳುವವರ ಪಾಲಿಗೆ ಕಾದಂಬರಿ ಎಂದರೆ ಮುಂದೇನಾಯಿತು ಎನ್ನುವ ಕುತೂಹಲ. ಅದು ತಣಿದರೆ ಪುಸ್ತಕದ ಕೆಲಸವೂ ಮುಗಿಯಿತು. ಓದುವವಳ ಲೆಕ್ಕವೇ ಬೇರೆ. ನಾಯಕ ನಾಯಕಿ ಎಲ್ಲಿ ಮುನಿಸಿಕೊಳ್ಳುತ್ತಾರೆ, ಎಲ್ಲಿ ರಾಜಿಯಾಗುತ್ತಾರೆ ಎಂಬುದೆಲ್ಲ ಬಾಯಿಪಾಠವಾಗಿದ್ದೂ ಆಕೆ ಮೊದಲ ಪುಟದಿಂದ ಶುರು ಮಾಡುತ್ತಾಳೆ. ಕುತೂಹಲದ ಆಸರೆಯಿಲ್ಲದೆ ನಿಲ್ಲುವ ಕಾದಂಬರಿ ಯಾವುದು, ಕುಸಿಯುವುದು ಯಾವುದು ಎಂಬ ತೀರ್ಪು ಹೊರಬೀಳುವುದು ಈ ಮರುಓದಿನಲ್ಲಿ. ಕನ್ನಡದ ಸದಭಿರುಚಿಯ ಪ್ರೇಮ ಕಾದಂಬರಿಗಳಿಗೆ ಪತ್ರಿಕೆಗಳಲ್ಲಿ ಸಿಗದೆ ಹೋದ ವಿಮರ್ಶೆ ಸಿಕ್ಕಿದ್ದು ಇಂಥ ಓದುಗಿಯರಿಂದಲೇ.

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಂಥ ಊರಿನಿಂದ ನೋಡಿದರೆ ಈ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇದು ಭತ್ತದ ಗದ್ದೆ, ಕಾಲುವೆ, ಅಕ್ಕಿ ಗಿರಣಿಗಳ ಸೀಮೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತ ಕುಟುಂಬಗಳು ಬಂದು ಈ ಭಾಗದಲ್ಲಿ ಕ್ಯಾಂಪು ಎನ್ನುವ ಊರುಗಳನ್ನು ಕಟ್ಟಿಕೊಂಡವು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಎರಡೂ ಬೆರೆತ ಮಾತು. ಹೀಗಾಗಿ ಇಲ್ಲಿನ ಓದುಗಿಗೆ ಎರಡು ಭಾಷೆಯ ಪ್ರೇಮ ಕಥೆಗಳು ಒಟ್ಟಿಗೇ ಎಟುಕುತ್ತವೆ: ಒಂದು ಕಡೆ ಕನ್ನಡದ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಇನ್ನೊಂದು ಕಡೆ ತೆಲುಗಿನ ಯದ್ದನಪೂಡಿ ಸುಲೋಚನಾರಾಣಿ.

ಹೆಣ್ಣುಮಕ್ಕಳಿಗಾಗಿ ಹೆಣ್ಣೊಬ್ಬಳು ಕಾದಂಬರಿ ಬರೆದು ತಾನೇ ಪ್ರಕಟಿಸುವ ಪರಂಪರೆ ಕನ್ನಡದಲ್ಲಿ ನೂರು ವರ್ಷ ದಾಟಿದೆ. ನಂಜನಗೂಡು ತಿರುಮಲಾಂಬ ಅವರು ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದ್ದು 1913ರಲ್ಲಿ. ಅದರ ಮೊದಲ ಪುಸ್ತಕ ಅವರದೇ ‘ಸುಶೀಲೆ’. 1965ರಲ್ಲಿ ‘ಸುಧಾ’ ವಾರಪತ್ರಿಕೆ, 1968ರಲ್ಲಿ ‘ಮಯೂರ’ ಮಾಸಪತ್ರಿಕೆ ಬಂದ ಮೇಲೆ ಕಾದಂಬರಿ ಓದುವ ಹವ್ಯಾಸ ಊರೂರಿಗೂ ಹಬ್ಬಿತು. ಜತೆಗೇ ‘ಅಡುಗೆಮನೆ ಸಾಹಿತ್ಯ’ ಎಂಬ ಹೀಗಳಿಕೆಯೂ ಬೆಳೆಯಿತು. ಹಾಗೆ ಹೀಗಳೆದವರಲ್ಲಿ ಎಷ್ಟು ಜನ ಈ ಪುಸ್ತಕಗಳನ್ನು ಎರಡನೆಯ ಸಲ ತೆರೆದಿದ್ದರೋ! ತೆರೆದಿದ್ದರೆ ತ್ರಿವೇಣಿಯವರನ್ನೂ ಅವರನ್ನು ಅನುಕರಿಸಿದವರನ್ನೂ ಒಂದೇ ತಕ್ಕಡಿಗೆ ಹಾಕುತ್ತಿರಲಿಲ್ಲ.

ಹಳೆಯ ಮನೆಗಳಲ್ಲಿ ಇಂದಿಗೂ ಸಿಗುವ ಒಂದು ಬಗೆಯ ಪುಸ್ತಕವನ್ನು ಇಲ್ಲಿ ನೆನೆಯಬೇಕು. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯ ಹಾಳೆಗಳನ್ನು ಜೋಪಾನವಾಗಿ ಕಿತ್ತು, ದಬ್ಬಣದಿಂದ ತೂತು ಮಾಡಿ, ದಾರದಿಂದ ಹೊಲಿದು, ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿದ ಪುಸ್ತಕ ಅದು. ಪುಟದ ಅರ್ಧಕ್ಕೆ ಸೋಪಿನ ಜಾಹೀರಾತು, ಪ್ರತಿ ಕಂತಿನ ಕೆಳಗೆ ‘ಮುಂದುವರಿಯುವುದು’, ನಡುವೆ ಎಲ್ಲೋ ಒಂದು ವಾರದ ಹಾಳೆ ಕಾಣೆ. ಈ ಹೊಲಿಗೆಯ ಪುಸ್ತಕವನ್ನು ಒಟ್ಟಿಗೆ ಓದಿದವಳಿಗೆ ಧಾರಾವಾಹಿಯ ಕೈಚಳಕ ತಾನಾಗಿಯೇ ಗೋಚರಿಸುತ್ತದೆ. ಕಂತಿನ ಕೊನೆಯಲ್ಲಿ ಬಾಗಿಲು ಬಡಿದ ಸದ್ದು, ಮುಂದಿನ ಕಂತಿನಲ್ಲಿ ನೋಡಿದರೆ ಹಾಲಿನವನು. ವಾರವಿಡೀ ಕಾದಿದ್ದಾಗ ಎದೆ ಹೊಡೆದುಕೊಂಡಿದ್ದ ಜಾಗದಲ್ಲಿ ಈಗ ಬೇಸರ. ಎಷ್ಟೋ ಕಾದಂಬರಿಗಳು ಇಂಥ ಬಾಗಿಲುಗಳಿಂದಲೇ ಕಟ್ಟಿದಂಥವು, ಹಾಗಾಗಿ ಮರುಓದಿಗೆ ಉಳಿಯಲಿಲ್ಲ.

ಉಳಿದವುಗಳಲ್ಲಿ ಮೊದಲ ಸ್ಥಾನ ‘ಬೆಳ್ಳಿಮೋಡ’ಕ್ಕೆ ಸಲ್ಲಬೇಕು.

ತ್ರಿವೇಣಿ, ಅಂದರೆ ಅನಸೂಯಾ ಶಂಕರ್, ಹುಟ್ಟಿದ್ದು 1928ರಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲ್ ಅವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಇದೇ ‘ಬೆಳ್ಳಿಮೋಡ’ (1967), ಆದ್ದರಿಂದ ಕಥೆ ಓದದವರಿಗೂ ಗೊತ್ತು. ಎಸ್ಟೇಟಿನ ಸಾಹುಕಾರರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗುವ ಮಾತಿನ ಮೇಲೆ, ಅವಳ ತಂದೆಯ ಹಣದಿಂದ ಮೋಹನ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಳ ತಾಯಿಗೆ ತಡವಾಗಿ ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದ. ಮೋಹನನ ಪ್ರೀತಿ ಹಿಂದೆ ಸರಿಯಿತು. ಮುಂದೆ ಅವನೇ ಪೆಟ್ಟು ತಿಂದು ಅದೇ ಮನೆಯಲ್ಲಿ ಮಲಗಬೇಕಾಗುತ್ತದೆ, ಇಂದಿರಾ ಆರೈಕೆ ಮಾಡುತ್ತಾಳೆ, ಅವನಿಗೆ ಪಶ್ಚಾತ್ತಾಪವಾಗುತ್ತದೆ, ಮದುವೆಯಾಗು ಎಂದು ಕೇಳುತ್ತಾನೆ. ಆಕೆ ಒಲ್ಲೆ ಎನ್ನುತ್ತಾಳೆ.

ಮೊದಲ ಓದಿನಲ್ಲಿ ಈ ‘ಒಲ್ಲೆ’ ಆಘಾತ. ಇಷ್ಟು ಸೇವೆ ಮಾಡಿದವಳು ಈಗ ಕ್ಷಮಿಸಿಬಿಟ್ಟರೆ ಏನಾಗುತ್ತಿತ್ತು ಎಂದು ಹೊಟ್ಟೆ ಉರಿಯುತ್ತದೆ. ಮರುಓದಿನಲ್ಲಿ ಕಣ್ಣು ಬೇರೆ ಕಡೆ ಹೊರಳುತ್ತದೆ. ಅವಳು ಮದ್ದು ಕೊಡುವಾಗ, ತಲೆದಿಂಬು ಸರಿಪಡಿಸುವಾಗ, ಆ ಕೈಗಳಲ್ಲಿ ಒಲವು ಇದೆಯೇ ಎಂದು ಓದುಗಿ ಹುಡುಕುತ್ತಾಳೆ. ಅಲ್ಲಿರುವುದು ಕರುಣೆ, ಮನೆಗೆ ಬಿದ್ದ ರೋಗಿಯ ಬಗೆಗಿನ ಕರ್ತವ್ಯ. ಮೋಹನ ಅದನ್ನು ಪ್ರೀತಿ ಎಂದುಕೊಂಡ. ಮೊದಲ ಸಲ ಓದುವವರೂ ಹಾಗೆಯೇ ಅಂದುಕೊಂಡಿರುತ್ತಾರೆ. ಲೇಖಕಿ ಎಲ್ಲಿಯೂ ಸುಳ್ಳು ಹೇಳಿರಲಿಲ್ಲ. ಕೊನೆ ಗೊತ್ತಿದ್ದಷ್ಟೂ ಹೆಚ್ಚು ಸತ್ಯವಾಗಿ ಕಾಣುವ ಕಾದಂಬರಿಗಳು ಯಾವ ಭಾಷೆಯಲ್ಲೂ ಅಪರೂಪ.

ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡೀಸ್’ (1813) ಜಗತ್ತಿನಲ್ಲಿ ಅತಿ ಹೆಚ್ಚು ಮರುಓದಿಗೆ ಒಳಗಾದ ಪ್ರೇಮ ಕಾದಂಬರಿಗಳ ಸಾಲಿನಲ್ಲಿದೆ. ಆಸ್ಟಿನ್ ಕೃತಿಗಳ ನಂಟು ಎಂಥದೆಂದರೆ, ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅವನ್ನೇ ಓದಿ ಜೀವ ಹಿಡಿದುಕೊಂಡ ಸೈನಿಕರ ಬಗ್ಗೆ ಕಿಪ್ಲಿಂಗ್ ಒಂದು ಕಥೆಯನ್ನೇ ಬರೆದ. ‘ಪ್ರೈಡ್ ಅಂಡ್ ಪ್ರೆಜುಡೀಸ್’ನಲ್ಲಿಯೂ ನಾಯಕಿ ನಾಯಕನನ್ನು ಮೊದಲು ನಿರಾಕರಿಸುತ್ತಾಳೆ. ಆದರೆ ಆ ನಿರಾಕರಣೆ ಕಥೆಯ ನಡುವೆ ಬರುತ್ತದೆ. ನಾಯಕ ಡಾರ್ಸಿ ತಿದ್ದಿಕೊಳ್ಳಲು ಅರ್ಧ ಪುಸ್ತಕ ಉಳಿದಿರುತ್ತದೆ. ತ್ರಿವೇಣಿ ಅದನ್ನು ಕೊನೆಗೆ ಇಟ್ಟರು. ಗಂಡು ತಿದ್ದಿಕೊಂಡಿದ್ದರೂ ಹೆಣ್ಣಿನ ಮನಸ್ಸು ವಾಪಸು ಬರಬೇಕೆಂದಿಲ್ಲ ಎಂದು ಆ ಕಾಲದ ಕನ್ನಡ ಓದುಗರೆದುರು ಹೇಳಲು ಧೈರ್ಯ ಬೇಕಿತ್ತು. ಮದುವೆಯಿಲ್ಲದೆ ಮುಗಿಯುವ ಈ ಪುಸ್ತಕ ಮನಸ್ಸಿಗೆ ಸಮಾಧಾನ ಕೊಡುತ್ತದೆ ಎಂದರೆ, ಸಮಾಧಾನಕ್ಕೂ ಸುಖಾಂತ್ಯಕ್ಕೂ ಇದೆ ಎಂದುಕೊಂಡ ನಂಟನ್ನೇ ಅನುಮಾನಿಸಬೇಕಾಗುತ್ತದೆ.

ತ್ರಿವೇಣಿ ತೀರಿಕೊಂಡ 1963ರಲ್ಲೇ ಎಂ.ಕೆ. ಇಂದಿರಾ ಅವರ ‘ತುಂಗಭದ್ರಾ’ ಬಂತು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಇಂದಿರಾ ಕಾದಂಬರಿ ಬರೆಯಲು ಕೂತದ್ದು ನಲವತ್ತೈದರ ಸುಮಾರಿಗೆ, ಸಂಸಾರದ ಒಳಹೊರಗನ್ನೆಲ್ಲ ಕಂಡ ಮೇಲೆ. ಅವರ ಪುಸ್ತಕಗಳಿಗೆ ಓದುಗಿ ಮರಳುವುದು ನಾಯಕನಿಗಾಗಿ ಅಂತೂ ಅಲ್ಲ. ಮಲೆನಾಡಿನ ದೊಡ್ಡ ಮನೆ, ಮಳೆಗಾಲ, ಒಲೆಯ ಮುಂದಿನ ಮಾತು, ನೆಂಟರ ಗದ್ದಲ, ಮಡಿ ಮೈಲಿಗೆಯ ಕಟ್ಟುಪಾಡಿನಲ್ಲಿ ನವೆಯುವ ಹೆಂಗಸರು ಇವೆಲ್ಲ ಅಲ್ಲಿ ಜೀವಂತ. ಬಿರುಬೇಸಗೆಯ ಕೊಪ್ಪಳ ಸೀಮೆಯಲ್ಲಿ ಕೂತು, ತನ್ನ ಊರಿನ ಗದ್ದೆಗೆ ನೀರು ಕಳಿಸುವ ನದಿಯ ಮೇಲ್ದಂಡೆಯ ಬದುಕನ್ನು ಓದುವ ಸುಖವೇ ಬೇರೆ. ಇಂದಿರಾ ಅವರಲ್ಲಿ ಕಥೆಯ ಕಟ್ಟು ಕೆಲವೊಮ್ಮೆ ಸಡಿಲ, ಪಾತ್ರಗಳು ಬಂದು ಹೋಗುತ್ತಲೇ ಇರುತ್ತವೆ. ಮರುಓದಿಗೆ ಇದು ತೊಡಕಾಗದು. ಯಾವ ಪುಟದಿಂದ ಶುರು ಮಾಡಿದರೂ ಮನೆಯೊಳಗೆ ಜಾಗ ಸಿಗುತ್ತದೆ.

ಹಾಗೆಂದು ಈ ಪ್ರಕಾರವನ್ನು ಸಾರಾಸಗಟಾಗಿ ಹೊಗಳುವಂತಿಲ್ಲ. ವಾಣಿಯವರ ‘ಎರಡು ಕನಸು’ ಕಥೆಯನ್ನು ಕನ್ನಡಿಗರು 1974ರ ಚಿತ್ರದಿಂದ ಎದೆಗೊತ್ತಿಕೊಂಡಿದ್ದಾರೆ. ಮನಸ್ಸಿನಲ್ಲಿ ಒಬ್ಬಳನ್ನು ಇಟ್ಟುಕೊಂಡು, ಮನೆಯವರ ಒತ್ತಾಯಕ್ಕೆ ಇನ್ನೊಬ್ಬಳನ್ನು ಮದುವೆಯಾದವನು ಹೆಂಡತಿಯನ್ನು ದೂರವಿಡುತ್ತಾನೆ, ಕೊನೆಗೆ ಕಣ್ತೆರೆಯುತ್ತಾನೆ. ಮೊದಲ ಸಲ ಆ ಕಣ್ತೆರೆಯುವ ಗಳಿಗೆಗಾಗಿ ಕಾಯುತ್ತೇವೆ. ಎರಡನೆಯ ಸಲ ಹೆಂಡತಿ ಗೌರಿಯ ದಿನಗಳು ಎಣಿಕೆಗೆ ಬರುತ್ತವೆ. ಅವಳ ತಪ್ಪೇನು? ಗಂಡನ ದುಃಖಕ್ಕೆ ಪುಟಗಟ್ಟಲೆ ಜಾಗ, ಅವಳ ಕಾಯುವಿಕೆಗೆ ‘ತಾಳ್ಮೆ’ ಎಂಬ ಬಿರುದು. ಕನ್ನಡದ ಸಂಸಾರ ಕಾದಂಬರಿಗಳ ದೊಡ್ಡ ದೋಷ ಇದು: ಸಹಿಸಿಕೊಂಡವಳಿಗೆ ಸುಖ ಸಿಕ್ಕೇ ಸಿಗುತ್ತದೆ ಎಂಬ ಭರವಸೆ. ಒಂದು ತಲೆಮಾರಿನ ಹೆಣ್ಣುಮಕ್ಕಳು ಅದನ್ನು ನಿಜವೆಂದೇ ನಂಬಿ ಅತ್ತೆಮನೆಗೆ ಹೋದರು.

ಎಚ್.ಜಿ. ರಾಧಾದೇವಿಯವರ ‘ಅನುರಾಗದ ಅಂತಃಪುರ’ದ ಪ್ರಯಾಣ ಇದಕ್ಕಿಂತ ಕುತೂಹಲಕಾರಿ. ಅದು 1986ರಲ್ಲಿ ರಾಜಕುಮಾರ್ ಅಭಿನಯದ ‘ಅನುರಾಗ ಅರಳಿತು’ ಆಯಿತು. 1992ರಲ್ಲಿ ತಮಿಳಿಗೆ ‘ಮನ್ನನ್’, ತೆಲುಗಿಗೆ ‘ಘರಾನಾ ಮೊಗುಡು’, 1994ರಲ್ಲಿ ಹಿಂದಿಗೆ ‘ಲಾಡ್ಲಾ’. ರಜನೀಕಾಂತ್, ಚಿರಂಜೀವಿ, ಅನಿಲ್ ಕಪೂರ್ ಮೂವರೂ ನಟಿಸಿದ ಈ ಕಥೆಯ ಬೇರು ಒಬ್ಬ ಕನ್ನಡ ಲೇಖಕಿಯ ಕಾದಂಬರಿಯಲ್ಲಿದೆ ಎಂದು ಕ್ಯಾಂಪುಗಳಲ್ಲಿ ‘ಘರಾನಾ ಮೊಗುಡು’ ನೋಡಿ ಶಿಳ್ಳೆ ಹೊಡೆದ ಎಷ್ಟು ಜನರಿಗೆ ಗೊತ್ತಿದ್ದೀತು? ರಾಧಾದೇವಿಯವರಿಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ. ಆದರೆ ಕಥೆಯ ಬಗ್ಗೆ ನೇರವಾಗಿ ಹೇಳಬೇಕಾದ ಮಾತೊಂದಿದೆ. ಕಾರ್ಖಾನೆ ನಡೆಸುವ ಹೆಣ್ಣಿನ ಅಹಂಕಾರವನ್ನು ಕಾರ್ಮಿಕ ಗಂಡ ಇಳಿಸುವುದೇ ತೆರೆಯ ಮೇಲೆ ಕಂಡ ಈ ಕಥೆಯ ಸಂಭ್ರಮ. ಪ್ರತಿ ಭಾಷೆಗೆ ದಾಟಿದಂತೆ ನಾಯಕ ದೊಡ್ಡವನಾದ, ಅವಳು ಸಣ್ಣವಳಾದಳು. ಒಮ್ಮೆ ನೋಡಿ ಚಪ್ಪಾಳೆ ತಟ್ಟಬಹುದು; ಆರಾಮ ಬೇಕೆನಿಸಿದಾಗ ಮರಳುವ ಮನೆ ಇದಲ್ಲ.

ಇದರ ಪಕ್ಕದಲ್ಲಿ ಯದ್ದನಪೂಡಿಯವರ ‘ಸೆಕ್ರೆಟರಿ’ ಇಟ್ಟು ನೋಡಿದರೆ ತೆಲುಗು ಬಲ್ಲ ಓದುಗಿ ಯಾಕೆ ಅದಕ್ಕೆ ಅಂಟಿಕೊಂಡಳು ಎಂದು ತಿಳಿಯುತ್ತದೆ. ನಾಯಕ ಸಿರಿವಂತ, ಸ್ಫುರದ್ರೂಪಿ. ಅಷ್ಟರ ಮಟ್ಟಿಗೆ ಕನಸಿನ ಸರಕೇ. ಆದರೆ ಕೆಲಸಕ್ಕೆ ಬರುವ ಜಯಂತಿಗೆ ತನ್ನ ಮಾನದ ಎಚ್ಚರವಿದೆ, ಕಥೆ ನಡೆಯುವುದೇ ಆ ಎಚ್ಚರದ ಮೇಲೆ. ನಮ್ಮ ಸಾಯಿಸುತೆಯವರ ನೂರಕ್ಕೂ ಹೆಚ್ಚು ಕಾದಂಬರಿಗಳಲ್ಲಿ ಮುಜುಗರ ತರುವ ಸಾಲು ಹುಡುಕಿದರೂ ಸಿಗದು, ಮನೆಮಂದಿಯ ಎದುರು ಮೇಜಿನ ಮೇಲಿಡಬಹುದು. ಅಷ್ಟು ಬರೆದಾಗ ಒಂದರ ನಾಯಕಿ ಇನ್ನೊಂದರವಳಂತೆ ಕಾಣುವುದು ಸಹಜ. ‘ಬಾಡದ ಹೂ’ ನೆನಪಿನಲ್ಲಿ ನಿಲ್ಲುತ್ತದೆ; ಹಲವು ಹೆಸರುಗಳು ಒಂದರೊಳಗೊಂದು ಕರಗುತ್ತವೆ.

ಅಮೆರಿಕದ ವಿದ್ವಾಂಸೆ ಜಾನಿಸ್ ರ‍್ಯಾಡ್ವೇ 1984ರಲ್ಲಿ ‘ರೀಡಿಂಗ್ ದ ರೊಮಾನ್ಸ್’ ಎಂಬ ಪುಸ್ತಕ ಬರೆದರು. ಒಂದು ಸಣ್ಣ ಊರಿನ ಪ್ರೇಮ ಕಾದಂಬರಿ ಓದುಗಿಯರನ್ನೇ ಮಾತನಾಡಿಸಿ ಬರೆದದ್ದು. ಆ ಗೃಹಿಣಿಯರಿಗೆ ಕಥೆಯಷ್ಟೇ ಓದಿನ ಹೊತ್ತೂ ಮುಖ್ಯವಾಗಿತ್ತು: ಪುಸ್ತಕ ಹಿಡಿದಷ್ಟು ಹೊತ್ತು ಗಂಡ, ಮಕ್ಕಳು, ಮನೆಗೆಲಸ ಯಾವುದೂ ಅವರನ್ನು ಮುಟ್ಟುವಂತಿರಲಿಲ್ಲ. ಶ್ರೀರಾಮನಗರದಲ್ಲಿ ನಾಟಿಯ ಗಡಿಬಿಡಿ ಮುಗಿದ ಮಧ್ಯಾಹ್ನ ಪುಸ್ತಕ ತೆರೆಯುವವಳಿಗೂ ಈ ಮಾತು ಒಪ್ಪುತ್ತದೆ. ಆ ಹೊತ್ತಿನಲ್ಲಿ ಹೊಸ ಪುಸ್ತಕ ಅಪಾಯ. ಮಗು ಸಾಯಬಹುದು, ನಾಯಕ ಮೋಸ ಮಾಡಬಹುದು. ಹಳೆಯದಾದರೆ ನಂಬಿ ಕೂರಬಹುದು.

ಈ ಸೀಮೆಯ ಓದುಗಿಗೆ ಒಂದು ಕೊರತೆ ಮಾತ್ರ ಉಳಿದೇ ಇದೆ. ಅವಳು ಪ್ರೀತಿಸಿದ ನಾಯಕಿಯರೆಲ್ಲ ಹೆಚ್ಚಾಗಿ ಮೈಸೂರು, ಬೆಂಗಳೂರು, ಮಲೆನಾಡಿನವರು. ‘ಹೌದು ಕಣೇ’ ಎನ್ನುವವರು. ‘ಹೌದ್ರೀ’ ಎನ್ನುವ ಮನೆಗಳ ಸಂಸಾರವನ್ನು ಸದಭಿರುಚಿಯಿಂದ ಬರೆದವರು ಇಲ್ಲವೆಂದಲ್ಲ. ಬೀಳಗಿಯ ಕೃಷ್ಣಮೂರ್ತಿ ಪುರಾಣಿಕರು ಇದ್ದರು. ಅವರ ‘ಧರ್ಮದೇವತೆ’ ಕಾದಂಬರಿ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಚಿತ್ರವಾಯಿತು, ಮರುವರ್ಷ ‘ಕುಲವಧು’ ಬಂತು. ಚಿತ್ರಗಳು ಉಳಿದವು, ಪುಸ್ತಕಗಳು ಅಂಗಡಿಯಿಂದ ಮರೆಯಾಗುತ್ತಿವೆ. ಕಾಲುವೆ ದಂಡೆಯ ಕ್ಯಾಂಪಿನಲ್ಲಿ ಬೆಳೆದ ತೆಲುಗು ಹುಡುಗಿ, ಪಕ್ಕದ ಊರಿನ ಕನ್ನಡದ ಹುಡುಗ, ಎರಡು ಮನೆಯ ಹಿರಿಯರು, ಗಿರಣಿಯ ಲೆಕ್ಕ, ನೀರಿನ ಸರದಿಯ ಜಗಳ: ಇಷ್ಟು ಸಮೃದ್ಧವಾದ ವಸ್ತು ಕಣ್ಣೆದುರೇ ಇದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ ಮಕ್ಕಳ ಓದಿಗೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಗಮನ ಹೆಚ್ಚಿದೆ. ಅದು ಬೇಕು. ಅದರ ಜತೆಗೆ ಒಂದು ಕಪಾಟು ಊರಿನ ಹೆಂಗಸರ ಓದಿಗೂ ಮೀಸಲಾಗಲಿ. ಅದರಲ್ಲಿ ‘ಬೆಳ್ಳಿಮೋಡ’, ‘ತುಂಗಭದ್ರಾ’, ಪುರಾಣಿಕರ ಒಂದೆರಡು ಕಾದಂಬರಿಗಳು ಒಂದೊಂದಲ್ಲ, ಎರಡೆರಡು ಪ್ರತಿ ಇರಲಿ. ಒಬ್ಬಳು ಮರುಓದಿಗೆಂದು ಒಯ್ದಾಗ ಇನ್ನೊಬ್ಬಳು ಮೊದಲ ಓದಿಗೆ ಕಾಯುವಂತಾಗಬಾರದು.