ಬಿಗಿದ ಸ್ಟೇರಿಂಗ್: ಸೂತ್ರವೂ ವ್ಯಾಖ್ಯಾನವೂ

ಮೂಲ: ಗಾಬರಿ ಬೇಡ. ಬ್ರೇಕ್ ಹಿಡಿ. ಸ್ಟೇರಿಂಗ್ ಆಕಡೆ ಈಕಡೆ ಆಡಿಸ್ತಾನೇ ಕೀ ತಿರುಗ್ಸು. ಬಲ ಸ್ಟೇರಿಂಗಿಗೆ, ಕೀಗಲ್ಲ.

ಅವತರಣಿಕೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಭುವನೇಶ್ವರಿಯಲ್ಲಿ, ಅಂದರೆ ಒಳಮಾಳಿಗೆಯ ಕೆತ್ತನೆಯಲ್ಲಿ, ನಡುವೆ ನರ್ತಿಸುವ ಶಿವನೂ ಸುತ್ತಲೂ ತಂತಮ್ಮ ವಾಹನಗಳೊಡನೆ ಅಷ್ಟದಿಕ್ಪಾಲಕರೂ ಇರುವರು. ಒಂಬತ್ತನೆಯ ಶತಮಾನದ ಆ ಶಿಲ್ಪವನ್ನು ನೋಡಿ ಬಂದ ಯಾತ್ರಿಕನು ತನ್ನ ಕಾರನ್ನೇರುತ್ತಾನೆ. ಸ್ಟೇರಿಂಗ್ ಕದಲದು, ಕೀಯೂ ತಿರುಗದು. ಕೀ ತೆಗೆದಮೇಲೆ ಸ್ಟೇರಿಂಗನ್ನೇ ಆಸರೆಯಾಗಿ ಹಿಡಿದು ಇಳಿದದ್ದು, ಇಲ್ಲವೆ ಮುಂಗಾಲಿಯನ್ನು ಓರೆಮಾಡಿ ಕಲ್ಲಿಗೆ ಒತ್ತಿ ನಿಲ್ಲಿಸಿದ್ದು ಇದಕ್ಕೆ ಕಾರಣ. ಇಂಥವನನ್ನು ಕುರಿತು ಈ ಸೂತ್ರ ಹೊರಟಿದೆ.

‘ಗಾಬರಿ ಬೇಡ.’ ಕೆಟ್ಟದ್ದು ಏನೂ ಇಲ್ಲ ಎಂದು ಅಭಿಪ್ರಾಯ. ಕೀ ತೆಗೆದೊಡನೆ, ಸ್ಟೇರಿಂಗಿನ ಕಂಬದೊಳಗೆ ಸ್ಪ್ರಿಂಗ್ ತಳ್ಳುವ ಉಕ್ಕಿನ ಬೀಗಮೊಳೆಯೊಂದು ಮುಂಚಾಚಲು ಕಾದಿರುತ್ತದೆ. ಸ್ಟೇರಿಂಗ್ ತುಸು ತಿರುಗಿ, ಅದರ ದಂಡದ ಮೇಲೆ ಕೊರೆದ ತೋಡು ಮೊಳೆಯ ಎದುರಿಗೆ ಬಂದಾಗ ಅದು ಒಳಹೊಕ್ಕು ನಿಲ್ಲುತ್ತದೆ. ಕಳ್ಳನು ತಂತಿ ಕೂಡಿಸಿ ಎಂಜಿನ್ ಹೊತ್ತಿಸಿದರೂ ಕಾರನ್ನು ತಿರುಗಿಸಲಾಗದಿರಲಿ ಎಂಬುದು ಇದರ ಪ್ರಯೋಜನ. ಅಮೆರಿಕದಲ್ಲಿ 1970ರ ಜನವರಿ 1ರಿಂದ ಜಾರಿಗೆ ಬಂದ ನಿಯಮವು, ಕೀ ತೆಗೆದ ಕಾರಿನ ಸ್ಟೇರಿಂಗಾಗಲಿ ಸ್ವಯಂಚಲನೆಯಾಗಲಿ ತಡೆಯಲ್ಪಡಬೇಕೆಂದು ವಿಧಿಸಿತು. ಆದುದರಿಂದ ಇದು ದೋಷವಲ್ಲ, ಯಂತ್ರವು ತನ್ನ ಕೆಲಸ ಮಾಡಿರುವುದು.

ಇಲ್ಲಿ ಶಂಕೆ: ಎಂಜಿನ್ ನಿಂತಾಗ ಪವರ್ ಸ್ಟೇರಿಂಗೂ ಭಾರವಾಗುವುದಲ್ಲ, ಅದೂ ಇದೂ ಒಂದೆಯೆ? ಸಮಾಧಾನ: ಅಲ್ಲ. ಅಲ್ಲಿ ಸ್ಟೇರಿಂಗ್ ಭಾರವಾಗಿಯಾದರೂ ತಿರುಗುತ್ತಲೇ ಹೋಗುವುದು. ಇಲ್ಲಿಯಾದರೋ ಕೊಂಚ ಅಲುಗಿ, ಟಕ್ಕೆಂದು ತಡೆಯುವುದು. ಈ ತಡೆಯೇ ಬೀಗದ ಲಕ್ಷಣ.

‘ಬ್ರೇಕ್ ಹಿಡಿ.’ ಬೀಗ ಬಿಡಿಸುವಾಗ ಗಾಲಿ ಉರುಳದಿರಲಿ ಎಂದು ಈ ವಾಕ್ಯ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕೂ ಬೇಕು. ಗುಂಡಿ ಒತ್ತಿ ಹೊತ್ತಿಸುವ ಕಾರಿನಲ್ಲಿ ಈ ಮಾತಿಗೆ ಇನ್ನೊಂದು ಅರ್ಥವುಂಟು: ಆಟೊಮ್ಯಾಟಿಕ್ ಆದರೆ ಬ್ರೇಕ್, ಗೇರಿನದಾದರೆ ಕ್ಲಚ್ ಒತ್ತಿರುವಾಗಲೇ ಗುಂಡಿ ಎಂಜಿನನ್ನು ಹೊತ್ತಿಸುತ್ತದೆ. ಅಂಥವುಗಳಲ್ಲಿ ಬೀಗಮೊಳೆಯನ್ನು ಎಳೆಯುವುದು ಪುಟ್ಟ ಮೋಟರು. ಬ್ಯಾಟರಿ ಸತ್ತಿದ್ದರೆ ಅದು ಎಳೆಯಲಾರದು.

‘ಆಕಡೆ ಈಕಡೆ.’ ಎರಡು ದಿಕ್ಕನ್ನೂ ಹೇಳಿದ್ದೇಕೆ? ಓರೆ ನಿಂತ ಟೈರಿನ ತಿರುಚು ದಂಡದ ಮೂಲಕ ಬಂದು, ಮೊಳೆಯನ್ನು ತೋಡಿನ ಒಂದು ಗೋಡೆಗೆ ಅದುಮಿರುತ್ತದೆ. ಅದು ಎಡಗೋಡೆಯೋ ಬಲಗೋಡೆಯೋ ಹೊರಗಿನಿಂದ ಕಾಣದು. ಆದುದರಿಂದ ಎರಡೂ ಕಡೆ ಪರೀಕ್ಷಿಸಬೇಕು. ಒಂದು ದಿಕ್ಕಿಗೆ ಕಲ್ಲಿನಂತೆ ನಿಲ್ಲುವುದು, ಇನ್ನೊಂದಕ್ಕೆ ಕೂದಲೆಳೆಯಷ್ಟಾದರೂ ಒಲಿಯುವುದು. ಒಲಿಯುವ ದಿಕ್ಕಿಗೇ ಕೈಯ ಒತ್ತು ಇರಲಿ.

‘ಆಡಿಸ್ತಾನೇ.’ ಸೂತ್ರದ ಜೀವ ಇಲ್ಲಿದೆ. ಮೊದಲು ಆಡಿಸಿ, ಬಳಿಕ ಕೀ ತಿರುಗಿಸು ಎಂದಲ್ಲ, ಎರಡೂ ಏಕಕಾಲದಲ್ಲಿ. ಕೈ ಒತ್ತಿರುವಷ್ಟು ಹೊತ್ತು ಮಾತ್ರ ಮೊಳೆ ಸಡಿಲ. ಕೈ ಬಿಟ್ಟರೆ ಟೈರಿನ ತಿರುಚು ಮರಳಿ ಅದುಮುವುದು. ಬಾಗಿಲು ಒತ್ತಿಕೊಂಡಿದ್ದಾಗ ಅಗುಳಿ ಜಾರದು, ಒಂದು ಕೈಯಿಂದ ಬಾಗಿಲನ್ನು ದೂಡಿ ಹಿಡಿದು ಇನ್ನೊಂದರಿಂದ ಅಗುಳಿಯನ್ನು ಸರಿಸುವ ಕ್ರಮವೇ ಇಲ್ಲಿಯೂ.

‘ಬಲ ಸ್ಟೇರಿಂಗಿಗೆ, ಕೀಗಲ್ಲ.’ ಮೊಳೆಯನ್ನು ಹಿಂದೆಳೆಯುವುದಷ್ಟೇ ಕೀಯ ಕೆಲಸ. ಅದುಮಿರುವ ಭಾರವನ್ನು ಇಳಿಸುವ ಶಕ್ತಿ ಅದಕ್ಕಿಲ್ಲ. ತೆಳ್ಳಗಿನ ಕೀಯನ್ನು ಇಕ್ಕಳದಿಂದ ತಿರುಚಿದರೆ ಅದು ಬೀಗದೊಳಗೇ ಮುರಿದು, ಬಿಡಿಸಬಹುದಾದ ಬಿಗಿ ಬಿಡಿಸಲಾಗದ ಬಿಗಿಯಾಗುತ್ತದೆ. ಸ್ಟೇರಿಂಗ್ ಸಡಿಲವಾದರೂ ಕೀ ತಿರುಗದಿದ್ದರೆ, ಹಲ್ಲು ಸವೆದಿದೆಯೋ ಎಂದು ಮನೆಯಲ್ಲಿರುವ ಎರಡನೆಯ ಕೀಯಿಂದ ನೋಡಬೇಕು. ಬೀಗಕ್ಕೆ ಎಣ್ಣೆ ಬಿಡೋಣವೆಂದರೆ, ಅರಳಗುಪ್ಪೆಯ ಈ ತೆಂಗಿನ ಸೀಮೆಯಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದನ್ನು ಬಿಡಲಾಗದು. ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಆ ಎಣ್ಣೆ ಧೂಳನ್ನೂ ಹಿಡಿದು, ಮಾಗಿಯ ಬೆಳಗಿಗೆ ಬೀಗವನ್ನೇ ಕಟ್ಟಿಹಾಕುವುದು. ಒಣ ಗ್ರಾಫೈಟ್ ಪುಡಿಯೇ ಅಲ್ಲಿಗೆ ತಕ್ಕುದು.

ಸೂತ್ರದಿಂದ ಹೊರಡುವ ನಿಷೇಧಗಳು ಎರಡು. ಓಡುವ ಕಾರಿನಲ್ಲಿ, ಇಳಿಜಾರೆಂದು ಎಂಜಿನ್ ಆರಿಸಿ ಕೀಯನ್ನು ಹೊರಗೆಳೆಯಬಾರದು. ತಿರುವಿನಲ್ಲಿ ಮೊಳೆ ತೋಡಿಗೆ ಬಿದ್ದರೆ ಕಾರು ಮತ್ತೆ ನೇರವಾಗದು. ಕೆಟ್ಟ ಕಾರನ್ನು ನಾಲ್ಕೂ ಗಾಲಿ ನೆಲದ ಮೇಲಿಟ್ಟು ಎಳೆಸುವಾಗ ಕೀ ಬೀಗ ಬಿಟ್ಟ ಸ್ಥಾನದಲ್ಲೇ ಇರಬೇಕು, ಸ್ಟೇರಿಂಗಿನಲ್ಲಿ ಒಬ್ಬರು ಕೂತಿರಬೇಕು. ಸೂತ್ರದಂತೆ ಎಲ್ಲವನ್ನೂ ಮಾಡಿಯೂ ಬೀಗ ಬಿಡದಿದ್ದರೆ ಎಳೆಯಲೇಬಾರದು. ಹತ್ತಿರದ ಪಟ್ಟಣವಾದ ತಿಪಟೂರಿನಿಂದ ಮೆಕ್ಯಾನಿಕ್ಕನ್ನು ಕರೆಸುವುದೇ ವಿಹಿತ, ಏಕೆಂದರೆ ಆಗ ಬಿಗಿ ಟೈರಿನದಲ್ಲ, ಬೀಗದ್ದೇ ಎಂದು ಸಿದ್ಧವಾಯಿತು.