ನಂಬಿಕೆ ಮತ್ತು ಮದ್ದು

ಅಮೆರಿಕದ ಕಪ್ಪು ಜನರನ್ನು ಅಧಿಕ ರಕ್ತದೊತ್ತಡದ ವ್ಯಾಧಿಯು ಬಿಳಿಯರಿಗಿಂತ ಹೆಚ್ಚಿನ ಪ್ರಮಾಣದಲ್ಲಿ, ಅದೂ ಕಿರಿಯ ವಯಸ್ಸಿನಲ್ಲಿಯೇ, ಆಕ್ರಮಿಸುತ್ತದೆಂಬುದೂ, ಆಕ್ರಮಿಸಿದ ಬಳಿಕ ಅದು ಹತೋಟಿಗೆ ಬರುವುದು ಅವರಲ್ಲಿಯೇ ವಿರಳವೆಂಬುದೂ, ಅದರ ಪರಿಣಾಮವಾಗಿ ಪಾರ್ಶ್ವವಾಯುವಿಗೂ ಮೂತ್ರಪಿಂಡಗಳ ವೈಫಲ್ಯಕ್ಕೂ ತುತ್ತಾಗುವವರು ಅವರಲ್ಲಿ ಅಧಿಕವೆಂಬುದೂ ಆ ದೇಶದ ವೈದ್ಯರಿಗೆ ಬಹುಕಾಲದಿಂದ ತಿಳಿದ ವಿಷಯಗಳು. ಆ ತಿಳಿವಳಿಕೆ ಹಳೆಯದಾದಷ್ಟೂ ಪರಿಹಾರವು ದೂರವೇ ಉಳಿದುದರಿಂದ, 2018ರ ಏಪ್ರಿಲ್ ತಿಂಗಳಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ಲಾಸ್ ಏಂಜಲೀಸ್ ಕ್ಷೌರಶಾಲೆಗಳ ಪ್ರಯೋಗಕ್ಕೆ ದೊರೆತ ಆದರವು ಸಹಜವೇ ಆಗಿತ್ತು. ಅದು ಶ್ಲಾಘ್ಯವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಶ್ಲಾಘಿಸಿದವರಲ್ಲಿ ಅನೇಕರು ಅದರ ಗುಣವನ್ನು ಅದಿರುವ ಎಡೆಯನ್ನು ಬಿಟ್ಟು ಬೇರೊಂದೆಡೆಯಲ್ಲಿ ಕಂಡರೆಂದು ತೋರುತ್ತದೆ.

ಪ್ರಯೋಗದ ಸ್ವರೂಪವು ಸರಳವಾದುದು. ಸೀಡರ್ಸ್-ಸೈನಾಯ್ ವೈದ್ಯಕೇಂದ್ರದ ಹೃದಯತಜ್ಞ ರೊನಾಲ್ಡ್ ವಿಕ್ಟರ್ ಅವರ ನೇತೃತ್ವದ ತಂಡವು ಕಪ್ಪು ಜನರು ನಡೆಸುವ 52 ಕ್ಷೌರಶಾಲೆಗಳಲ್ಲಿ, ರಕ್ತದೊತ್ತಡ ಏರಿದ್ದ 319 ಮಂದಿ ರೂಢಿಯ ಗಿರಾಕಿಗಳನ್ನು ಆರಿಸಿಕೊಂಡು, ಅಂಗಡಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿತು. ಒಂದು ಗುಂಪಿನಲ್ಲಿ ಕ್ಷೌರಿಕನು ಫಾರ್ಮಸಿಸ್ಟನನ್ನು ಭೇಟಿಮಾಡುವಂತೆ ಗಿರಾಕಿಯನ್ನು ಪ್ರೋತ್ಸಾಹಿಸುವನು. ಆ ಫಾರ್ಮಸಿಸ್ಟನು ವೈದ್ಯರೊಡನೆ ಮಾಡಿಕೊಂಡ ಒಪ್ಪಂದದ ಬಲದಿಂದ ಅಂಗಡಿಗೇ ಬಂದು, ಒತ್ತಡವನ್ನು ಅಳೆದು, ಔಷಧವನ್ನು ತಾನೇ ಬರೆದುಕೊಟ್ಟು, ಅಗತ್ಯಬಿದ್ದಂತೆ ಪ್ರಮಾಣವನ್ನು ಏರಿಸಿ, ರಕ್ತದ ಲವಣಾಂಶಗಳನ್ನೂ ಪರೀಕ್ಷಿಸುವನು. ಇನ್ನೊಂದು ಗುಂಪಿನಲ್ಲಿ ಕ್ಷೌರಿಕನು ಆಹಾರವಿಹಾರಗಳನ್ನು ತಿದ್ದಿಕೊಳ್ಳುವಂತೆಯೂ ವೈದ್ಯರನ್ನು ಕಾಣುವಂತೆಯೂ ಬುದ್ಧಿ ಹೇಳುವನು, ಅಷ್ಟೇ. ಆರು ತಿಂಗಳು ಕಳೆಯುವಷ್ಟರಲ್ಲಿ ಮೊದಲನೆಯ ಗುಂಪಿನ ಸಂಕೋಚನ ಒತ್ತಡವು ಸರಾಸರಿ 27 ಮಿ.ಮೀ. ಪಾದರಸದಷ್ಟು ಇಳಿಯಿತು. ಎರಡನೆಯದರಲ್ಲಿ ಇಳಿದುದು 9.3. ಒತ್ತಡವು 130/80ಕ್ಕಿಂತ ಕೆಳಗೆ ಬಂದವರು ಮೊದಲನೆಯದರಲ್ಲಿ ನೂರಕ್ಕೆ 63.6, ಎರಡನೆಯದರಲ್ಲಿ ನೂರಕ್ಕೆ 11.7. ದೀರ್ಘವ್ಯಾಧಿಗಳ ಚಿಕಿತ್ಸೆಯಲ್ಲಿ ಇಂಥ ಅಂತರವು ಅತಿ ದುರ್ಲಭ.

ಈ ಫಲವನ್ನು ಕಂಡವರು ಸಾಮಾನ್ಯವಾಗಿ ಹೇಳಿದ ಮಾತೆಂದರೆ, ಕ್ಷೌರಶಾಲೆಯು ಕಪ್ಪು ಗಂಡಸರು ನಿಸ್ಸಂಕೋಚವಾಗಿ ಬಾಯಿಬಿಡುವ ಸ್ಥಳವೆಂದೂ, ಆಸ್ಪತ್ರೆಯಲ್ಲಿ ಇಲ್ಲದ ವಿಶ್ವಾಸವು ಅಲ್ಲಿ ಇದ್ದುದರಿಂದ ಕಾರ್ಯಸಿದ್ಧಿಯಾಯಿತೆಂದೂ. ಈ ವಿವರಣೆಯಲ್ಲಿ ಹುರುಳಿಲ್ಲವೆಂದಲ್ಲ. 1932ರಿಂದ 1972ರವರೆಗೆ ಅಲಬಾಮಾದ ಟಸ್ಕೀಗಿಯಲ್ಲಿ ಸರ್ಕಾರದ ಆರೋಗ್ಯ ಇಲಾಖೆಯೇ ಉಪದಂಶ ರೋಗಿಗಳಾದ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ರೋಗದ ಗತಿಯನ್ನು ನೋಡುತ್ತ ಕುಳಿತಿದ್ದಿತೆಂಬುದನ್ನು ನೆನೆದರೆ, ವೈದ್ಯಶಾಲೆಯ ಬಗೆಗಿನ ಶಂಕೆಯು ಅಜ್ಞಾನದಿಂದ ಹುಟ್ಟಿದುದೆಂದು ಯಾರೂ ಹೇಳಲಾರರು. ಆದರೂ ಪ್ರಯೋಗದ ರಚನೆಯನ್ನೇ ನಿದಾನಿಸಿ ನೋಡಿದರೆ ಈ ವಿವರಣೆಯ ಕೊರತೆಯು ಎದ್ದು ಕಾಣುತ್ತದೆ. ಎರಡು ಗುಂಪುಗಳಲ್ಲಿಯೂ ಇದ್ದವನು ಕ್ಷೌರಿಕನೇ, ಎರಡರಲ್ಲಿಯೂ ಇದ್ದುದು ಅದೇ ವಿಶ್ವಾಸವೇ. ನಂಬಿಕೆಯೊಂದೇ ಸಾಕಾಗಿದ್ದ ಪಕ್ಷದಲ್ಲಿ, ನಂಬಿದವನ ಬಾಯಿಂದ ಹಿತವಚನ ಕೇಳಿದ ಎರಡನೆಯ ಗುಂಪೂ ಅಷ್ಟೇ ಗುಣ ಕಾಣಬೇಕಾಗಿತ್ತು. ಅದು ಕಂಡ ಅಲ್ಪ ಇಳಿತದಲ್ಲಿಯೂ ಒಂದಂಶವು, ಏರಿದ್ದಾಗಲೇ ಆರಿಸಿಕೊಂಡ ಅಳತೆಗಳು ಮತ್ತೆ ಅಳೆದಾಗ ತಾವಾಗಿಯೇ ತಗ್ಗುವ ಸ್ವಭಾವಕ್ಕೆ ಸಲ್ಲತಕ್ಕದ್ದು. ಆದುದರಿಂದ ಎರಡು ಗುಂಪುಗಳನ್ನು ಬೇರ್ಪಡಿಸಿದುದು ಮದ್ದು ಬರೆಯುವ ಅಧಿಕಾರವುಳ್ಳ ಒಬ್ಬ ವ್ಯಕ್ತಿಯು ರೋಗಿ ಇದ್ದೆಡೆಗೆ ನಡೆದು ಬಂದುದು, ಮತ್ತು ಒತ್ತಡವು ಇಳಿಯುವವರೆಗೂ ಮತ್ತೆ ಮತ್ತೆ ಬಂದುದು.

ಇದೇ ವಿಕ್ಟರ್ ಅವರು ಮೊದಲು ಡಲ್ಲಾಸ್ ನಗರದ 17 ಕ್ಷೌರಶಾಲೆಗಳಲ್ಲಿ ನಡೆಸಿ 2011ರಲ್ಲಿ ವರದಿಮಾಡಿದ ಪ್ರಯೋಗವು ಈ ನಿರ್ಣಯವನ್ನೇ ಪುಷ್ಟೀಕರಿಸುತ್ತದೆ. ಅಲ್ಲಿ ಕ್ಷೌರಿಕರೇ ಒತ್ತಡವನ್ನು ಅಳೆದು ಗಿರಾಕಿಗಳನ್ನು ವೈದ್ಯರಲ್ಲಿಗೆ ಕಳುಹಿಸುತ್ತಿದ್ದರು; ಲಾಭವು ಇದ್ದಿತಾದರೂ ಅಲ್ಪವಾಗಿತ್ತು. ಕಳುಹಿಸುವುದಕ್ಕೂ ತಲುಪುವುದಕ್ಕೂ ನಡುವೆ ವಿಮೆಯ ತೊಡಕು, ಕೂಲಿ ತಪ್ಪುವ ಭಯ, ವೈದ್ಯರ ಭೇಟಿಗಾಗಿ ಕಾಯಬೇಕಾದ ವಾರಗಳು, ಬಂದರೂ ಔಷಧದ ಪ್ರಮಾಣವನ್ನು ಏರಿಸಲು ಹಿಂಜರಿಯುವ ವೈದ್ಯರ ಜಡತೆ, ಇವೆಲ್ಲವೂ ಅಡ್ಡನಿಂತಿರುತ್ತವೆ. ಸೋಲಿನಿಂದಲ್ಲ, ಅರೆಗೆಲುವಿನಿಂದ ಪಾಠ ಕಲಿತು ತಮ್ಮ ವಿಧಾನವನ್ನೇ ಬದಲಾಯಿಸಿಕೊಂಡ ಈ ವೈದ್ಯರ ವಿವೇಕವು ಅವರ ಅಂಕಿಗಳಿಗಿಂತಲೂ ಹಿರಿದಾದುದೆಂದು ನಾನು ಎಣಿಸುತ್ತೇನೆ.

ಚಿಕಿತ್ಸಾಲಯಗಳ ಒಳಗೆ ನಡೆದ ಯತ್ನಗಳನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ಬಡವರ ಚಿಕಿತ್ಸಾಲಯಗಳಿಗಾಗಿ ಆರಂಭಿಸಿದ ‘ಹೆಲ್ತ್ ಡಿಸ್ಪ್ಯಾರಿಟೀಸ್ ಕೊಲಾಬರೇಟಿವ್ಸ್’ ಎಂಬ ಯೋಜನೆಯು ರೋಗಿಗಳ ಪಟ್ಟಿಗಳನ್ನೂ ಪರೀಕ್ಷೆಗಳ ನೆನಪೋಲೆಗಳನ್ನೂ ತಂಡಗಳ ಕೂಟಗಳನ್ನೂ ಏರ್ಪಡಿಸಿತು. 2007ರಲ್ಲಿ ಪ್ರಕಟವಾದ ಮೌಲ್ಯಮಾಪನದಂತೆ, ಮಧುಮೇಹ ಮತ್ತು ಉಬ್ಬಸ ರೋಗಿಗಳಿಗೆ ಆಗಬೇಕಾದ ಪರೀಕ್ಷೆ ಉಪಚಾರಗಳು ಮೊದಲಿಗಿಂತ ಕ್ರಮವಾಗಿ ಆದವು. ಆದರೆ ರಕ್ತದ ಸಕ್ಕರೆಯಾಗಲಿ ಒತ್ತಡವಾಗಲಿ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಮ್ಯಾಸಚೂಸೆಟ್ಸ್‌ನ ಚಿಕಿತ್ಸಾಲಯಗಳಲ್ಲಿ ನಡೆದು 2010ರಲ್ಲಿ ವರದಿಯಾದ ಇನ್ನೊಂದು ಪ್ರಯೋಗದಲ್ಲಿ, ವೈದ್ಯರಿಗೆ ಸಾಂಸ್ಕೃತಿಕ ಸಂವೇದನೆಯ ಶಿಕ್ಷಣವನ್ನು ಕೊಟ್ಟು, ಅವರವರ ಕಪ್ಪು ರೋಗಿಗಳ ಮತ್ತು ಬಿಳಿಯ ರೋಗಿಗಳ ಸ್ಥಿತಿಯನ್ನು ಬೇರೆಬೇರೆಯಾಗಿ ತೋರಿಸುವ ವರದಿಗಳನ್ನು ಒದಗಿಸಲಾಯಿತು. ತಾರತಮ್ಯವು ತಮ್ಮಲ್ಲಿಯೂ ಉಂಟೆಂದು ಒಪ್ಪುವ ವೈದ್ಯರು ಹೆಚ್ಚಿದರು. ಕಪ್ಪು ರೋಗಿಗಳ ಮಧುಮೇಹ ಮಾತ್ರ ಮೊದಲಿದ್ದಂತೆಯೇ ಉಳಿಯಿತು. ವೈದ್ಯನ ಅಂತಃಕರಣವು ಪರಿಶುದ್ಧವಾಗುವುದು ಒಳ್ಳೆಯದೇ. ಆದರೆ ಅದು ರೋಗಿಯ ರಕ್ತಕ್ಕೆ ಇಳಿಯಬೇಕಾದರೆ ನಡುವೆ ಒಂದು ಕಾರ್ಯವಿಧಾನವು ಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ ಲಾಸ್ ಏಂಜಲೀಸಿನ ಪ್ರಯೋಗದ ಮಿತಿಗಳನ್ನೂ ಹೇಳದಿದ್ದರೆ ವಿಮರ್ಶೆಯು ಏಕಪಕ್ಷವಾದೀತು. ಅದು ಗಂಡಸರಿಗೆ ಮೀಸಲಾದುದು. ಅಷ್ಟೇ ಪೀಡಿತರಾದ ಹೆಂಗಸರಿಗೆ ಅಲ್ಲಿ ಎಡೆಯಿಲ್ಲ. ಅದು ನಿಯಮಿತವಾಗಿ ಕ್ಷೌರಕ್ಕೆ ಬರುವವರನ್ನು ಮಾತ್ರ ಆರಿಸಿಕೊಂಡಿತು. ನೆಲೆಯೂ ದುಡಿಮೆಯೂ ಅಸ್ಥಿರವಾದವರು, ಎಂದರೆ ಅತ್ಯಂತ ಕಷ್ಟದಲ್ಲಿರುವವರು, ಅದರ ಬಲೆಗೆ ಬೀಳಲಾರರು. ಅಂಗಡಿಯಿಂದ ಅಂಗಡಿಗೆ ಅಲೆಯುವ ಫಾರ್ಮಸಿಸ್ಟನ ವೇತನವನ್ನು ಸಂಶೋಧನಾನಿಧಿಯು ತೀರಿದ ಮೇಲೆ ಯಾರು ಕೊಡಬೇಕೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಏರಿದ ಒತ್ತಡವನ್ನು ಇಳಿಸುವ ಉಪಾಯವನ್ನು ಅದು ಕಂಡುಕೊಂಡಿತೇ ಹೊರತು ಒತ್ತಡವನ್ನು ಏರಿಸುವ ಬದುಕಿನ ಕಡೆಗೆ ಕಣ್ಣು ತಿರುಗಿಸಲಿಲ್ಲ.

ಆ ಕಡೆಗೆ ಕಣ್ಣು ತಿರುಗಿಸಿದವರು ಅರ್ಧ ಶತಮಾನಕ್ಕೆ ಹಿಂದೆಯೇ ಇದ್ದರು. ದಕ್ಷಿಣ ಆಫ್ರಿಕದ ಫೊಲೆಲಾದಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿಗಳು ಕಟ್ಟಿದ ಆರೋಗ್ಯಕೇಂದ್ರವನ್ನು ಕಂಡುಬಂದ ಜ್ಯಾಕ್ ಗೈಗರ್ ಎಂಬ ವೈದ್ಯರು, ಜಾನ್ ಹ್ಯಾಚ್ ಮುಂತಾದವರೊಡನೆ ಕೂಡಿ, 1967ರಲ್ಲಿ ಮಿಸಿಸಿಪ್ಪಿಯ ಮೌಂಡ್ ಬೇಯೂ ಪಟ್ಟಣದಲ್ಲಿ ಚಿಕಿತ್ಸಾಲಯವನ್ನು ತೆರೆದಾಗ, ಹಸಿದ ಮಕ್ಕಳಿಗೆ ಔಷಧದ ಖಾತೆಯಿಂದಲೇ ಆಹಾರವನ್ನು ಬರೆದುಕೊಟ್ಟರು. ಆಕ್ಷೇಪಿಸಿದ ಅಧಿಕಾರಿಗಳಿಗೆ, ಅಪೌಷ್ಟಿಕತೆಗೆ ವೈದ್ಯಗ್ರಂಥಗಳು ಹೇಳುವ ಮದ್ದು ಅನ್ನವೇ ಎಂದು ಉತ್ತರವಿತ್ತರು. ಬಾವಿಗಳನ್ನು ತೋಡಿಸುವುದೂ, ಬೇಸಾಯದ ಸಹಕಾರಸಂಘಕ್ಕೆ ನೆರವಾಗುವುದೂ ಆ ಚಿಕಿತ್ಸಾಲಯದ ಕೆಲಸವೇ ಆಗಿದ್ದಿತು.

ಮೌಂಡ್ ಬೇಯೂವಿನ ದೃಷ್ಟಿಯು ವಿಶಾಲವಾದುದು, ಲಾಸ್ ಏಂಜಲೀಸಿನ ವಿಧಾನವು ನಿಷ್ಕೃಷ್ಟವಾದುದು. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕೆಂಬ ನಿರ್ಬಂಧವೇನೂ ಇಲ್ಲ. ಎರಡೂ ಕಲಿಸುವುದು ಒಂದೇ ತತ್ತ್ವವನ್ನು: ಚಿಕಿತ್ಸೆ ಕೊಡುವ ಅಧಿಕಾರವೂ ಹಣವೂ ರೋಗಿಯತ್ತ ಸರಿದಷ್ಟೇ ತಾರತಮ್ಯವು ತಗ್ಗುತ್ತದೆ. ಸೌಜನ್ಯವನ್ನು ಮಾತ್ರ ಹೊರಗೆ ಕಳುಹಿಸಿ ಅಧಿಕಾರವನ್ನು ತನ್ನ ಗೋಡೆಗಳ ಒಳಗೇ ಉಳಿಸಿಕೊಂಡ ಚಿಕಿತ್ಸಾಲಯವು, ತನ್ನ ದಾಖಲೆಗಳು ಎಷ್ಟೇ ಸುವ್ಯವಸ್ಥಿತವಾಗಿದ್ದರೂ, ಈ ಕಾರ್ಯದಲ್ಲಿ ಇನ್ನೂ ಮೊದಲ ಹೆಜ್ಜೆಯನ್ನೇ ಇಟ್ಟಿಲ್ಲವೆಂದು ಹೇಳಬೇಕಾಗುತ್ತದೆ.