ಅಡ್ವಾನ್ಸ್ ವಾಪಸ್ ಬರುತ್ತದೆಯೇ?

ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳುವ ಹುಚ್ಚು ಹತ್ತಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಹಳೇ ಲ್ಯಾಪ್‌ಟಾಪ್ ಒಂದು ಮೂಲೆಯಲ್ಲಿ ಬಿದ್ದಿದೆ, ಅದರಲ್ಲಿ ಏನೇನು ಹಾಕಬಹುದು?’ ಪಟ್ಟಿ ಕೊಡುವುದು ಸುಲಭ. ಫೋಟೊಗಳಿಗೆ ಇಮ್ಮಿಚ್, ಸಿನಿಮಾ-ಹಾಡುಗಳಿಗೆ ಜೆಲ್ಲಿಫಿನ್, ಕಾಗದಪತ್ರಗಳಿಗೆ ಪೇಪರ್‌ಲೆಸ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಜಾಹೀರಾತು ತಡೆಯಲು ಪೈ-ಹೋಲ್, ಪಾಸ್‌ವರ್ಡ್‌ಗಳಿಗೆ ವಾಲ್ಟ್‌ವಾರ್ಡನ್. ಎಲ್ಲವೂ ಪುಕ್ಕಟೆ. ಶನಿವಾರ ಬೆಳಿಗ್ಗೆ ಪಟ್ಟಾಗಿ ಕೂತರೆ ಭಾನುವಾರ ಸಂಜೆಯ ಹೊತ್ತಿಗೆ ಎಲ್ಲವೂ ಓಡಲು ಶುರುವಾಗಿರುತ್ತದೆ.

ಬೆಂಗಳೂರಿನಲ್ಲಿ ಮನೆ ಹುಡುಕುವ ಜಾಣರು ಬಾಡಿಗೆ ಎಷ್ಟೆಂದು ಮಾಲೀಕರನ್ನು ಕೇಳಿ ಸುಮ್ಮನಾಗುವುದಿಲ್ಲ. ಹಿಂದೆ ಇದ್ದವರಿಗೆ ಅಡ್ವಾನ್ಸ್ ವಾಪಸ್ ಬಂತೇ ಎಂದು ಪಕ್ಕದ ಮನೆಯವರನ್ನೂ ಕೇಳುತ್ತಾರೆ. ಯಾವುದೇ ತಂತ್ರಾಂಶವನ್ನು ಮನೆಗೆ ತರುವ ಮೊದಲು ನಾನು ಕೇಳಿಕೊಳ್ಳುವುದೂ ಇದನ್ನೇ. ಇದರೊಳಗೆ ಹಾಕಿದ್ದು ನಾಳೆ ಹಾಕಿದ ಹಾಗೇ ಹೊರಗೆ ಬರುತ್ತದೆಯೇ? ಪರದೆ ಎಷ್ಟು ಚೆಂದ, ಹುಡುಕಾಟ ಎಷ್ಟು ಚುರುಕು ಎಂಬುದೆಲ್ಲ ಆಮೇಲಿನ ಮಾತು. ಈ ಹವ್ಯಾಸದಲ್ಲಿ ಒಳ್ಳೆಯದು ಯಾವುದು, ಬರೀ ಥಳಕಿನದು ಯಾವುದು ಎಂದು ಬೇರ್ಪಡಿಸಲು ಇದಕ್ಕಿಂತ ನೇರವಾದ ಅಳತೆಗೋಲು ನನಗೆ ಸಿಕ್ಕಿಲ್ಲ.

ಈ ಅಳತೆಗೋಲನ್ನು ಮೊದಲು ಕಂಪನಿಗಳಿಗೆ ಹಿಡಿಯೋಣ. 2013ರ ಜುಲೈ 1ರಂದು ಗೂಗಲ್ ತನ್ನ ‘ರೀಡರ್’ ಸೇವೆಗೆ ಬೀಗ ಹಾಕಿತು. ಹತ್ತಾರು ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತಂದುಕೊಡುತ್ತಿದ್ದ ಸೇವೆ ಅದು. ಗೂಗಲ್‌ಗೆ ಬೈದವರು ಬಹಳ; ಈಗಲೂ ಬೈಯುವವರಿದ್ದಾರೆ. ಆದರೆ ಹೋಗುವವರಿಗೆ ಅದು ಬಾಗಿಲು ತೆರೆದಿಟ್ಟಿತ್ತು ಎಂಬುದನ್ನೂ ಹೇಳಬೇಕು. ನೀವು ಹಿಂಬಾಲಿಸುತ್ತಿದ್ದ ತಾಣಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಸಾದಾ ಕಡತವಾಗಿ ಇಳಿಸಿಕೊಳ್ಳಬಹುದಿತ್ತು. ಇಳಿಸಿಕೊಂಡವರು ಇನ್ನೊಂದು ಸೇವೆಗೆ ಹೋದರು, ಅದು ಬೇಸರವಾದಾಗ ಮತ್ತೊಂದಕ್ಕೆ. ಅದೇ ಕಡತವನ್ನು ಇವತ್ತು ಮನೆಯ ಸರ್ವರಿನ ಫ್ರೆಶ್‌ಆರ್‌ಎಸ್‌ಎಸ್ ಎಂಬ ಅಂಥದೇ ತಂತ್ರಾಂಶಕ್ಕೆ ಕೊಟ್ಟರೂ ಅದು ತಕರಾರಿಲ್ಲದೆ ಓದಿಕೊಳ್ಳುತ್ತದೆ.

ಫೋಟೊಗಳ ಕಥೆ ಇಷ್ಟು ಸರಳವಲ್ಲ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಹೊಸ ಫೋಟೊಗಳನ್ನೆಲ್ಲ 15 ಜಿಬಿಯ ಪುಕ್ಕಟೆ ಮಿತಿಗೆ ಸೇರಿಸಿ ಲೆಕ್ಕ ಹಾಕತೊಡಗಿದ ಮೇಲೆ ಮನೆ ಸರ್ವರ್ ಕಡೆ ತಿರುಗಿದವರು ಅನೇಕರು. ಹೊರಡುವವರಿಗೆ ಅಲ್ಲೂ ‘ಟೇಕ್‌ಔಟ್’ ಎಂಬ ವ್ಯವಸ್ಥೆ ಇದೆ. ಕೇಳಿದರೆ ಎಲ್ಲವನ್ನೂ ದೊಡ್ಡ ದೊಡ್ಡ ಜಿಪ್ ಕಡತಗಳಾಗಿ ಕಟ್ಟಿ ಕೊಡುತ್ತಾರೆ. ಬಿಚ್ಚಿ ನೋಡಿದಾಗ ತಲೆನೋವು ಶುರು. ಫೋಟೊಗಳ ಜೊತೆಗೆ ಜೇಸನ್ ಎಂಬ ಪುಟ್ಟ ಪುಟ್ಟ ಪಠ್ಯ ಕಡತಗಳು ಬಂದಿರುತ್ತವೆ. ಆ್ಯಪಿನೊಳಗೆ ನೀವು ಬರೆದ ವಿವರಣೆ, ಕೂತು ತಿದ್ದಿದ ದಿನಾಂಕ, ಹಾಕಿದ ಊರಿನ ಹೆಸರು ಎಲ್ಲ ಇರುವುದು ಆ ಚೀಟಿಯಲ್ಲಿ, ಫೋಟೊದ ಒಳಗಲ್ಲ. ಎರಡನ್ನೂ ಜೋಡಿಸದೆ ಬರೀ ಚಿತ್ರಗಳನ್ನು ಎತ್ತಿಕೊಂಡು ಬಂದರೆ ಅಜ್ಜಿಯ ಹಳೇ ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿ 1968 ಎಂದು ದಿನಾಂಕ ತಿದ್ದಿಟ್ಟ ಮದುವೆ ಫೋಟೊ ಸ್ಕ್ಯಾನ್ ಮಾಡಿದ ವರ್ಷಕ್ಕೇ ಹೋಗಿ ಕೂರುತ್ತದೆ. ಪುಣ್ಯಕ್ಕೆ ‘ಇಮ್ಮಿಚ್-ಗೋ’ ಎಂಬ ಸಲಕರಣೆ ಜಿಪ್ಪನ್ನು ಬಿಚ್ಚದೆಯೇ ಚೀಟಿಗೆ ಚಿತ್ರ ಹೊಂದಿಸಿ ಇಮ್ಮಿಚ್‌ಗೆ ಸಾಗಿಸುತ್ತದೆ.

ಇದಕ್ಕಿಂತ ಕಠಿಣವಾದದ್ದು ವಾಟ್ಸ್‌ಆ್ಯಪ್ ಫೋಟೊಗಳು. ನಮ್ಮ ಮನೆಗಳಲ್ಲಿ ಗೃಹಪ್ರವೇಶ, ನಾಮಕರಣ, ಜಾತ್ರೆಯ ಚಿತ್ರಗಳಲ್ಲಿ ಮುಕ್ಕಾಲು ಪಾಲು ಬರುವುದು ಅಲ್ಲಿಂದಲೇ. ಮಾಮೂಲಿ ಫೋಟೊ ಆಗಿ ಕಳಿಸಿದ ಚಿತ್ರದಿಂದ ಕ್ಯಾಮೆರಾ ಬರೆದಿಟ್ಟ ದಿನಾಂಕ, ಸ್ಥಳ ಎಲ್ಲವನ್ನೂ ವಾಟ್ಸ್‌ಆ್ಯಪ್ ಅಳಿಸಿಬಿಡುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಉಳಿಯುವ ಒಂದೇ ಸುಳಿವು ಕಡತದ ಹೆಸರು: ‘ಐಎಂಜಿ-20190412-ಡಬ್ಲ್ಯುಎ0007’ ಎಂಬಂಥದ್ದು. 2019ರ ಏಪ್ರಿಲ್ 12ರಂದು ಬಂದ ಏಳನೆಯದೋ ಎಂಟನೆಯದೋ ಚಿತ್ರ, ಅಷ್ಟೇ. ಇಂಥ ಸಾವಿರಾರು ಚಿತ್ರಗಳನ್ನು ಹಾಗೇ ಸರ್ವರಿಗೆ ಸುರಿದರೆ ಐದಾರು ವರ್ಷದ ಹಬ್ಬಹರಿದಿನಗಳೆಲ್ಲ ನೀವು ಕಾಪಿ ಮಾಡಿದ ದಿನದ ಕೆಳಗೆ ರಾಶಿ ಬೀಳುವ ಸಂಭವವಿದೆ. ಎಕ್ಸಿಫ್‌ಟೂಲ್ ಎಂಬ ಹಳೇ, ನಂಬಿಕಸ್ಥ ತಂತ್ರಾಂಶಕ್ಕೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಅದು ಹೆಸರಿನಲ್ಲಿರುವ ದಿನಾಂಕವನ್ನು ಓದಿ ಚಿತ್ರದೊಳಗೇ ಬರೆಯುತ್ತದೆ. ಈ ಕೆಲಸ ಬೇಸರದ್ದು, ನಿಜ. ಆದರೆ ಒಮ್ಮೆ ಚಿತ್ರದೊಳಗೆ ಬರೆದ ದಿನಾಂಕ ಯಾವ ಆ್ಯಪಿನ ಮುಲಾಜಿಗೂ ಬೀಳುವುದಿಲ್ಲ. ಇಮ್ಮಿಚ್ ಇರಲಿ, ಮುಂದೆ ಬರಲಿರುವ ಇನ್ನೊಂದು ಇರಲಿ, ಅದು ಚಿತ್ರದ ಜೊತೆಗೇ ಪ್ರಯಾಣ ಮಾಡುತ್ತದೆ.

ಕಂಪನಿಗಳಿಗೆ ಹಾಕಿದ ಪರೀಕ್ಷೆಯನ್ನು ಈಗ ನಮ್ಮ ಪ್ರೀತಿಯ ತಂತ್ರಾಂಶಗಳಿಗೂ ಹಾಕೋಣ. 2022ರಲ್ಲಿ ಶುರುವಾದ ಇಮ್ಮಿಚ್ ಸದ್ಯ ಈ ವಲಯದ ಕಣ್ಮಣಿ. ಹೊಗಳಿಕೆಗೆ ಅರ್ಹವೂ ಹೌದು. ಆದರೆ ಅದರಲ್ಲಿ ‘ಸ್ಟೋರೇಜ್ ಟೆಂಪ್ಲೇಟ್’ ಎಂಬ ಆಯ್ಕೆಯೊಂದಿದೆ. ಮೊದಲು ಹಾಕಿದಾಗ ಅದು ಆಫ್ ಆಗಿರುತ್ತದೆ. ಹಾಗೇ ಬಿಟ್ಟರೆ ನಿಮ್ಮ ಫೋಟೊಗಳೆಲ್ಲ ತಲೆಬುಡ ತಿಳಿಯದ ಉದ್ದುದ್ದ ಹೆಸರುಗಳ ಫೋಲ್ಡರ್‌ಗಳಲ್ಲಿ ಹೋಗಿ ಕೂರುತ್ತವೆ. ಇಮ್ಮಿಚ್ ಓಡುತ್ತಿರುವವರೆಗೆ ಏನೂ ಗೊತ್ತಾಗುವುದಿಲ್ಲ. ಅದು ನಿಂತ ದಿನ ಡಿಸ್ಕ್ ಬಿಚ್ಚಿ ನೋಡಿದರೆ ಯಾವುದು ಮಗಳ ಹುಟ್ಟುಹಬ್ಬ, ಯಾವುದು ಗ್ಯಾಸ್ ಸಿಲಿಂಡರ್ ರಸೀದಿ ಎಂದು ಒಂದೊಂದನ್ನೂ ತೆರೆದು ನೋಡಬೇಕು. ಆ ಆಯ್ಕೆಯನ್ನು ಆನ್ ಮಾಡಿದರೆ ವರ್ಷ, ದಿನಾಂಕದ ಪ್ರಕಾರ ಫೋಲ್ಡರ್‌ಗಳು ಓರಣವಾಗಿ ನಿಲ್ಲುತ್ತವೆ. ಆಗಲೂ ಆಲ್ಬಂಗಳು, ಮುಖಗಳಿಗೆ ಕೊಟ್ಟ ಹೆಸರುಗಳು ಡೇಟಾಬೇಸಿನಲ್ಲೇ ಉಳಿಯುತ್ತವೆ. ಹಾಗಾಗಿ ನಾನು ಆಲ್ಬಂಗಳಿಗೆ ಹೆಚ್ಚು ಬೆವರು ಸುರಿಸುವುದಿಲ್ಲ.

ಈ ತಂತ್ರಾಂಶಗಳನ್ನು ಓಡಿಸಲು ಬಳಸುವ ಡಾಕರ್‌ನಲ್ಲೂ ಇಂಥದೇ ಒಂದು ಸೂಕ್ಷ್ಮವಿದೆ. ತಂತ್ರಾಂಶದ ಡೇಟಾವನ್ನು ಡಾಕರ್ ತನ್ನದೇ ‘ವಾಲ್ಯೂಮ್’ ಒಳಗೆ ಇಟ್ಟುಕೊಳ್ಳಲು ಬಿಡಬಹುದು, ಇಲ್ಲವೇ ನೀವು ತೋರಿಸಿದ ಫೋಲ್ಡರ್‌ನಲ್ಲಿ ಇಡಿಸಬಹುದು. ಮೊದಲನೆಯದು ಅನುಕೂಲ ಅನ್ನಿಸುತ್ತದೆ. ಆದರೆ ನಿಲ್ಲಿಸುವ ಆಜ್ಞೆಯ ಕೊನೆಗೆ ಒಂದೇ ಒಂದು ‘ವಿ’ ಹೆಚ್ಚಿಗೆ ಬಿದ್ದರೆ ವಾಲ್ಯೂಮ್ ಸಮೇತ ಡೇಟಾ ಮಾಯ. ಎರಡನೆಯದರಲ್ಲಿ ಡಾಕರ್ ಹೋದರೂ ನಿಮ್ಮ ಫೋಲ್ಡರ್ ಎಲ್ಲೂ ಹೋಗುವುದಿಲ್ಲ.

ಈ ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆಯುವುದು ಸಿಂಕ್‌ಥಿಂಗ್. ಅದಕ್ಕೆ ತನ್ನದೆಂಬ ಉಗ್ರಾಣವೇ ಇಲ್ಲ. ಫೋನಿನ ಫೋಲ್ಡರ್ ಮತ್ತು ಮನೆಯ ಫೋಲ್ಡರ್ ಒಂದೇ ಥರ ಇರುವಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. 2024ರ ಕೊನೆಯಲ್ಲಿ ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ ನಿಂತುಹೋಯಿತು. ಬಳಸುತ್ತಿದ್ದವರು ಅದರದೇ ಕವಲಾದ ಇನ್ನೊಂದು ಆ್ಯಪ್ ಹಾಕಿಕೊಂಡು ಮುಂದುವರಿದರು. ಒಂದು ಕಡತವೂ ಅಲುಗಲಿಲ್ಲ. ಜೆಲ್ಲಿಫಿನ್‌ನದೂ ಒಳ್ಳೆಯ ನಡತೆ. ಸಿನಿಮಾಗಳನ್ನು ನೀವಿಟ್ಟ ಫೋಲ್ಡರಿನಿಂದಲೇ ಓದುತ್ತದೆ. ಅದು ಹುಟ್ಟಿದ್ದೇ ಒಂದು ಬಾಗಿಲು ಮುಚ್ಚಿದ್ದರಿಂದ. ಎಂಬಿ ಎಂಬ ತಂತ್ರಾಂಶ 2018ರಲ್ಲಿ ತನ್ನ ಮೂಲ ಸಂಕೇತವನ್ನು ತೆರೆದಿಡುವುದನ್ನು ನಿಲ್ಲಿಸಿದಾಗ, ಅಷ್ಟರವರೆಗೆ ತೆರೆದಿದ್ದ ಭಾಗವನ್ನು ಎತ್ತಿಕೊಂಡು ಕೆಲವರು ಹೊರನಡೆದರು. ನೆಕ್ಸ್ಟ್‌ಕ್ಲೌಡ್ ಕೂಡ ಹಾಗೇ: ಓನ್‌ಕ್ಲೌಡ್ ಕಟ್ಟಿದ ಫ್ರಾಂಕ್ ಕಾರ್ಲಿಚೆಕ್ ಅದನ್ನು ಬಿಟ್ಟು 2016ರಲ್ಲಿ ಶುರು ಮಾಡಿದ್ದು. ತೆರೆದ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ ಎಂಬುದು ಚಿಕ್ಕ ಲಾಭ. ಮಾಡಿದವರ ಮನಸ್ಸು ಬದಲಾದರೂ ಬಳಸುವವರು ಬೀದಿಗೆ ಬೀಳುವುದಿಲ್ಲ ಎಂಬುದು ದೊಡ್ಡದು.

ಹೊರದಾರಿ ಇಲ್ಲದ ಕಡೆ ಕಡತ ಇಟ್ಟರೆ ಏನಾಗುತ್ತದೆಂದು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲು, ಬಂದ ಮೇಲೂ ಬಹುಕಾಲ, ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾದ ಪುಸ್ತಕಗಳು, ಕಚೇರಿ ಪತ್ರಗಳು, ಪಿಎಚ್‌.ಡಿ. ಪ್ರಬಂಧಗಳು ಎಷ್ಟಿವೆಯೋ! ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಕಡತ ಕೈಯಲ್ಲೇ ಇದೆ, ಆದರೆ ಪರಿವರ್ತಕದ ಮೂಲಕ ಹಾಯಿಸದೆ ಓದುವಂತಿಲ್ಲ, ಹುಡುಕುವಂತಿಲ್ಲ.

ಪೇಪರ್‌ಲೆಸ್ ನನಗೆ ಮೆಚ್ಚುಗೆಯಾಗಿದ್ದು ಇದೇ ಕಾರಣಕ್ಕೆ. ಪಹಣಿ, ಕಂದಾಯದ ರಸೀದಿ, ಕ್ರಯಪತ್ರ, ವಿಮೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಅದಕ್ಕೆ ಕೊಟ್ಟರೆ ಟೆಸೆರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶದಿಂದ ಓದಿಸಿ ಜೋಡಿಸಿಡುತ್ತದೆ. ಟೆಸೆರಾಕ್ಟ್‌ಗೆ ಕನ್ನಡ ಬರುತ್ತದೆ. ಸೆಟ್ಟಿಂಗಿನಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕೊಡಬೇಕು ಅಷ್ಟೇ. ಒತ್ತಕ್ಷರಗಳಲ್ಲಿ ಆಗಾಗ ಎಡವುತ್ತದೆ, ಕೈಬರಹವನ್ನು ಅದರಿಂದ ನಿರೀಕ್ಷಿಸಬಾರದು, ಶಾಯಿ ಮಾಸಿದ ಪ್ರಿಂಟಿನಲ್ಲಿ ತಡವರಿಸುತ್ತದೆ. ಆದರೂ ಅಚ್ಚುಕಟ್ಟಾಗಿ ಮುದ್ರಿಸಿದ ಕಾಗದದಲ್ಲಿ ಸರ್ವೆ ನಂಬರೋ ಹೋಬಳಿಯ ಹೆಸರೋ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಮುಖ್ಯವಾದದ್ದು, ಓದಿದ ಅಕ್ಷರಗಳನ್ನು ಅದು ಪಿಡಿಎಫ್ ಒಳಗೇ ಸೇರಿಸಿಡುತ್ತದೆ. ನೀವು ಕೊಟ್ಟ ಮೂಲವನ್ನೂ ಬೇರೆಯಾಗಿ ಉಳಿಸಿಕೊಂಡಿರುತ್ತದೆ. ಪೇಪರ್‌ಲೆಸ್ ಇಲ್ಲದ ಯಾವುದೋ ಕಂಪ್ಯೂಟರಿನಲ್ಲಿ ತೆರೆದರೂ ಆ ಪಿಡಿಎಫ್‌ನಲ್ಲಿ ಹುಡುಕಬಹುದು.

ಯಂತ್ರದ ವಿಷಯಕ್ಕೆ ಹೆಚ್ಚು ಜಾಗ ಬೇಡ. ರಾಸ್ಪ್‌ಬೆರಿ ಪೈ 2012ರಲ್ಲಿ ಈ ಹವ್ಯಾಸವನ್ನು ಅಗ್ಗ ಮಾಡಿತು. ಈಗ ಎನ್100 ಚಿಪ್ಪಿನ ಪುಟ್ಟ ಕಂಪ್ಯೂಟರೋ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವ ಆಫೀಸಿನ ಹಳೇ ಮಿನಿ ಪಿಸಿಯೋ ಸಾಕು. ಸರಾಸರಿ ಹತ್ತು ವ್ಯಾಟ್ ಎಳೆದರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ ಕರೆಂಟು. ಕರೆಂಟು ಹೋದಾಗ ಡೇಟಾಬೇಸ್ ಅರ್ಧಕ್ಕೆ ನಿಲ್ಲದಂತೆ ಒಂದು ಯುಪಿಎಸ್ ಬೇಕೇ ಬೇಕು. ಹೊರಗಿನಿಂದ ತಲುಪುವುದು ನಮ್ಮಲ್ಲಿ ಕೊಂಚ ಕಷ್ಟ. ಹಳೇ ಮಾದರಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಅವು ಸಾಲದೆ ಅನೇಕ ಇಂಟರ್‌ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುತ್ತವೆ. ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲದ ತಂತ್ರಾಂಶ ಈ ಗೋಡೆ ದಾಟಿಸುತ್ತದೆ, ಸರ್ವರನ್ನು ಊರಿಗೆಲ್ಲ ತೆರೆದಿಡುವ ಅಪಾಯವನ್ನೂ ತಪ್ಪಿಸುತ್ತದೆ.

ಮನೆಗೆ ತರಬಾರದ್ದು ಯಾವುದು? ಇಮೇಲ್. ಸ್ವೀಕರಿಸುವುದು ಸುಲಭ, ಕಳಿಸಿದ್ದು ಎದುರಿನವರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳದಂತೆ ನೋಡಿಕೊಳ್ಳುವುದು ದಿನನಿತ್ಯದ ಗೋಳು. ಮನೆ ಸಂಪರ್ಕದ ವಿಳಾಸಗಳಿಂದ ಬಂದ ಪತ್ರವನ್ನು ದೊಡ್ಡ ಸೇವೆಗಳು ನಂಬುವುದೇ ಅಪರೂಪ. ಇಲ್ಲಿ ಹೊರದಾರಿ ಇರುವುದು ಬೇರೆ ಕಡೆ: ಸ್ವಂತ ಡೊಮೇನ್ ಹೆಸರಿನಲ್ಲಿ. ವರ್ಷಕ್ಕೆ ಕೆಲವು ನೂರು ರೂಪಾಯಿಗೊಂದು ಹೆಸರು ಕೊಂಡು, ಅಂಚೆಯನ್ನು ಯಾರಾದರೂ ವೃತ್ತಿಪರರ ಬಳಿ ಇಡಿ. ಅವರು ಸರಿಹೋಗದಿದ್ದರೆ ಬೇರೆಯವರ ಬಳಿ ಹೋಗಿ. ನಿಮ್ಮ ವಿಳಾಸ ಬದಲಾಗುವುದಿಲ್ಲ, ಬ್ಯಾಂಕಿನವರಿಗೆ ತಿಳಿಸಬೇಕಾಗಿಲ್ಲ.

ಬ್ಯಾಕಪ್ ಬಗ್ಗೆ ಎಲ್ಲರೂ ಹೇಳುವುದು ಗೊತ್ತೇ ಇದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಓಡುತ್ತಿರುವ ಡೇಟಾಬೇಸಿನ ಫೋಲ್ಡರನ್ನು ಹಾಗೇ ಕಾಪಿ ಮಾಡಿದರೆ ಅದು ಪ್ರತಿಯಲ್ಲ; ಡೇಟಾಬೇಸಿನಿಂದಲೇ ಪೂರ್ತಿ ನಕಲು ಬರೆಸುವ ‘ಡಂಪ್’ ತೆಗೆಯಬೇಕು. ಇಮ್ಮಿಚ್ ಡೇಟಾಬೇಸಿನ ಡಂಪನ್ನು ತಾನೇ ತೆಗೆದಿಡುತ್ತದೆ, ಫೋಟೊಗಳ ಜವಾಬ್ದಾರಿ ಮಾತ್ರ ನಿಮ್ಮದು. ಇವೆಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ ಒಂದು ವಿಷಯವಿದೆ. ಲಿನಕ್ಸ್ ಸರ್ವರಿನ ಡಿಸ್ಕ್ ಸಾಮಾನ್ಯವಾಗಿ ಇಎಕ್ಸ್‌ಟಿ4 ಮಾದರಿಯಲ್ಲಿರುತ್ತದೆ. ಅದನ್ನು ಬಿಚ್ಚಿ ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚಿದರೆ, ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಎಷ್ಟೋ ಸಲ ಕೇಳುತ್ತದೆ. ನೀವಾದರೆ ಬೇಡ ಅನ್ನುತ್ತೀರಿ. ನೀವಿಲ್ಲದ ಹೊತ್ತಿನಲ್ಲಿ, ಫೋಟೊ ಬೇಕೆಂದು ಡಿಸ್ಕ್ ಹಿಡಿದು ಕೂತ ತಂಗಿಯೋ ಅಪ್ಪನೋ ಏನು ಒತ್ತುತ್ತಾರೆ? ಬೇರೆ ಊರಿನ ಪ್ರತಿಯನ್ನು ರೆಸ್ಟಿಕ್‌ನಂಥ ತಂತ್ರಾಂಶದಿಂದ ಗೂಢಲಿಪಿಯಲ್ಲಿಡುವುದು ಸರಿಯೇ. ಅದರ ಜೊತೆಗೆ ಎಕ್ಸ್‌ಫ್ಯಾಟ್ ಮಾದರಿಯ ಒಂದು ಸಾದಾ ಡಿಸ್ಕಿನಲ್ಲಿ ಫೋಟೊ, ಪಿಡಿಎಫ್‌ಗಳ ಪ್ರತಿಯೊಂದು ಮನೆಯ ಬೀರುವಿನಲ್ಲಿರಲಿ. ಪಾಸ್‌ವರ್ಡ್ ಬೇಡ, ಲಿನಕ್ಸ್ ಬೇಡ, ಯಾವ ಕಂಪ್ಯೂಟರಿಗೆ ಚುಚ್ಚಿದರೂ ತೆರೆಯಬೇಕು. ಭದ್ರತೆಯ ಪಂಡಿತರು ಇದಕ್ಕೆ ಮುಖ ಸಿಂಡರಿಸುತ್ತಾರೆ. ಬೀರುವಿಗೆ ಬೀಗ ಇದೆ ಎಂಬುದು ನನ್ನ ಉತ್ತರ.

ಹೊಸದೇನಾದರೂ ಹಾಕಬೇಕೆನ್ನಿಸಿದರೆ ಹೀಗೆ ಮಾಡಿ ನೋಡಿ. ಮೊದಲ ದಿನ ಹತ್ತು ಕಡತಗಳನ್ನಷ್ಟೇ ಅದಕ್ಕೆ ಕೊಡಿ. ಅವುಗಳಿಗೆ ಹೆಸರು, ದಿನಾಂಕ, ಟಿಪ್ಪಣಿ ಹಾಕಿ. ಆಮೇಲೆ ತಂತ್ರಾಂಶವನ್ನು ನಿಲ್ಲಿಸಿ, ಡಿಸ್ಕಿನಲ್ಲಿ ಆ ಹತ್ತನ್ನೂ ಬರಿಗೈಯಲ್ಲಿ ಹುಡುಕಿ. ಎಷ್ಟು ಸಿಕ್ಕವು, ಹಾಕಿದ್ದರಲ್ಲಿ ಏನೇನು ಉಳಿದಿದೆ ಎಂದು ನೋಡಿದರೆ ಹತ್ತು ಸಾವಿರ ಕೊಡಬಹುದೋ ಬೇಡವೋ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಈ ಪರೀಕ್ಷೆ ಪಾಸಾದವುಗಳಿಂದಲೇ ಕಟ್ಟಿದ ಸರ್ವರಿಗೆ ಇನ್ನೊಂದು ಗುಣ ತಾನಾಗಿ ಬಂದಿರುತ್ತದೆ. ಮಗು ಹುಟ್ಟಿತು, ಕೆಲಸ ಹೆಚ್ಚಾಯಿತು, ರಾತ್ರಿ ಕೂತು ಅಪ್‌ಡೇಟ್ ಮಾಡುವ ಉಮೇದು ಆರಿತು ಅಂದುಕೊಳ್ಳಿ. ಆಗ ತಿಂಗಳಿಗಿಷ್ಟು ಕೊಟ್ಟು ಮತ್ತೆ ಕ್ಲೌಡ್‌ಗೇ ಹೋಗಬಹುದು, ಹೋಗುವಾಗ ಎಲ್ಲವನ್ನೂ ಎತ್ತಿಕೊಂಡು ಹೋಗಬಹುದು. ಬಿಟ್ಟರೆ ಎಲ್ಲ ಹೋಗುತ್ತದೆಂಬ ಭಯಕ್ಕೆ ಮುಂದುವರಿಸುವುದು ಹವ್ಯಾಸವಲ್ಲ, ಸಂಬಳವಿಲ್ಲದ ನೌಕರಿ.